ಎಲೆ ಎತ್ತಿ ನೋಡದವರು

ಕಳೆದ ತಿಂಗಳು ಮುಂಬಯಿಯ ಸಯನ್‌ನ ಒಂದು ಸಣ್ಣ ಸಭಾಗೃಹದಲ್ಲಿ ನಮ್ಮವರು ಕೆಲವರು ಸೇರಿ ನನಗೆ ಶಾಲು ಹೊದಿಸಿದರು. ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡಿ ಬಾಡಿಗೆಗೆ ಕೊಡುವವಳು ನಾನು. ಇಷ್ಟು ವರ್ಷಕ್ಕಾದರೂ ನೆನಪಾದೆನಲ್ಲ ಎಂದುಕೊಂಡೆ. ತೆಂಗಿನಕಾಯಿ, ಅಡಿಕೆ, ವೀಳ್ಯದೆಲೆ, ಎಲೆಯ ಕೆಳಗೊಂದು ಲಕೋಟೆ. ತಟ್ಟೆಯನ್ನು ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಬೆಳಿಗ್ಗೆ ಎದ್ದು ಬಂದರೆ ಆ ಪುಟ್ಟ ಕೋಣೆಯ ತುಂಬ ಬಾಡುತ್ತಿರುವ ವೀಳ್ಯದೆಲೆಯ ವಾಸನೆ. ಸ್ವಲ್ಪ ಖಾರ, ಸ್ವಲ್ಪ ಒದ್ದೆ ಮಣ್ಣು... ಗ್ಯಾಸ್ ಹಚ್ಚಲು ಹೋದ ಕೈ ಹಾಗೇ ನಿಂತಿತು. ಮೇಡಂ ನೆನಪಾದರು.

ಅವರು ಧಾರವಾಡದ ಕಡೆಯವರು. ಬಾಂದ್ರಾದ ಒಂದು ಕಾಲೇಜಿನಲ್ಲಿ ಸಂಜೆ ನಡೆಯುತ್ತಿದ್ದ ಕೋರ್ಸಿಗೆ ಪಾಠ ಹೇಳುತ್ತಿದ್ದರು. ಕೋರ್ಸಿನ ಹೆಸರು ಉದ್ದ. ತಾತ್ಪರ್ಯ ಇಷ್ಟೆ: ಹಾಡುವವರು, ಕುಣಿಯುವವರು, ಬಣ್ಣ ಬಳಿಯುವವರು ತಮ್ಮ ಕಲೆಯಿಂದಲೇ ಹೊಟ್ಟೆ ಹೊರೆಯುವುದು ಹೇಗೆ. ಇದನ್ನೂ ಕಾಲೇಜಿನಲ್ಲಿ ಕಲಿಸುತ್ತಾರಾ ಎಂದು ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ನಕ್ಕಿದ್ದರು. ನಗುವುದಕ್ಕೆ ಅವರಿಗೆ ಕಾರಣವೂ ಇತ್ತು. ಕಲೆಯಿಂದ ಹೊಟ್ಟೆ ಹೊರೆದವರನ್ನು ಅವರು ನೋಡಿರಲಿಲ್ಲ, ಹೊಟ್ಟೆ ಕಟ್ಟಿದವರನ್ನೇ ನೋಡಿದ್ದರು.

ನನ್ನ ಅಪ್ಪನೂ ಅಂಥವರೇ. ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತ, ರಜೆಯ ದಿನ ವೇಷಭೂಷಣ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ವೇಷದ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಮರದ ಮೇಲೆ ಹೊಳೆಯುವ ಬೇಗಡೆ ಅಂಟಿಸುವುದು, ಕನ್ನಡಿ ಚೂರು ಕೂರಿಸುವುದು ನನಗೆ ಬರುತ್ತಿತ್ತು. ಡಿಗ್ರಿ ಮಾತ್ರ ಇರಲಿಲ್ಲ. ಆ ಕೋರ್ಸಿಗೆ ಡಿಗ್ರಿ ಬೇಕು. ಆದರೆ ಮೇಡಂ ಪ್ರಿನ್ಸಿಪಾಲರ ಹತ್ತಿರ ಜಗಳವಾಡಿ, ಪ್ರತಿ ವರ್ಷ ಕೆಲವು ಸೀಟುಗಳನ್ನು ನನ್ನಂಥವರಿಗೆಂದೇ ಬಿಡಿಸಿಕೊಂಡಿದ್ದರು. ನಾನು ಹಳೆಯ ಸೀರೆಯಲ್ಲಿ ಕಿರೀಟವೊಂದನ್ನು ಸುತ್ತಿಕೊಂಡು ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದೆ. ಸಂದಿನಿಂದ ಇಣುಕಿದ ಬೇಗಡೆ ನೋಡಿ ಕಂಡಕ್ಟರು ದೇವರದಾ ಎಂದು ಮರಾಠಿಯಲ್ಲಿ ಕೇಳಿ, ಕೈಮುಗಿದು ಮುಂದೆ ಹೋದ. ಮೇಡಂ ಕೈಮುಗಿಯಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದರು.

"ಇದು ನಿನ್ನ ಸರ್ಟಿಫಿಕೇಟ್ ಹೌದಿಲ್ಲೊ? ಬಾ ಒಳಗ" ಎಂದರು.

ಅವರ ಮೊದಲ ಪಾಠಕ್ಕೆ ಪುಸ್ತಕ ಇರಲಿಲ್ಲ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುತ್ತಿದ್ದರು. ಒಬ್ಬರು ಗಿರಾಕಿ, ಇನ್ನೊಬ್ಬರು ಕಲಾವಿದರು. ಗಿರಾಕಿ ಎಷ್ಟು ಎಂದು ಕೇಳಬೇಕು. ಕಲಾವಿದರು ತಮ್ಮ ಬೆಲೆ ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ನಗಬಾರದು, ಕಾರಣ ಕೊಡಬಾರದು, ಜಾಸ್ತಿ ಆಯಿತಾ ಎಂದು ಕೇಳಬಾರದು. ಎದುರಿನವರು ಮಾತಾಡುವವರೆಗೆ ಸುಮ್ಮನಿರಬೇಕು. ಕೇಳಲು ಬಹಳ ಸುಲಭ. ತಬಲಾ ನುಡಿಸುವವನೊಬ್ಬ ಬೆಲೆ ಹೇಳಿದ ಮರುಕ್ಷಣವೇ ಅರ್ಧಕ್ಕಿಳಿದ. ನನ್ನ ಸರದಿ ಬಂದಾಗ ನಾನು ಹಲ್ಲು ಬಿಟ್ಟು, ನೀವು ಕೊಟ್ಟದ್ದು ಕೊಡಿ ಎಂದೆ. ಮೇಡಂ ಹತ್ತಿರ ಬಂದು, ಬೇರೆಯವರಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದರು.

"ಅದು ನಿಮ್ಮಪ್ಪನ ಮಾತು ತಂಗಿ, ನಿಂದಲ್ಲ. ಮತ್ತ ಹೇಳು. ಬೆಲಿ ಹೇಳೂದು ಪಾಠ ಅಲ್ಲ, ಹೇಳಿದ ಮ್ಯಾಲೆ ಸುಮ್ನಿರೂದು ಪಾಠ."

ಅಪ್ಪನ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯವಾಗಿತ್ತು. ಆಮೇಲೆ ಒಂದು ಸಂಜೆ ಧಾರಾವಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಿದ್ದಾಗ ಅವರೇ ಬಿಡಿಸಿ ಹೇಳಿದರು. ಅವರ ಮನೆ ಸಯನ್‌ನಲ್ಲಿ, ಅಕ್ಕನ ಜೊತೆ ಇದ್ದರು. ಕ್ಲಾಸು ಮುಗಿಸಿ ನಾವಿಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು. ಅವರ ತಂದೆಯೂ ನಮ್ಮಪ್ಪನಂಥವರೇ, ನಾಟಕದ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಎಲ್ಲಿಗೆ ಕರೆದರೂ ಹೋಗುವುದು, ಕೊನೆಗೆ ವೀಳ್ಯದ ತಟ್ಟೆ ಕಣ್ಣಿಗೊತ್ತಿಕೊಂಡು ಬರುವುದು. ಹಣ ಎಲೆಯ ಕೆಳಗೆ. ಕೊಟ್ಟವರ ಮುಂದೆ ಎಲೆ ಎತ್ತಿ ನೋಡುವಂತಿಲ್ಲ.

"ಎಲಿ ಎತ್ತಿ ನೋಡಿದ್ರ ಕೊಟ್ಟಾಂವನ ಮರ್ಯಾದಿ ತಗದಂಗ ಅಂತಿದ್ದ ನಮ್ಮಪ್ಪ. ಅಂವ ಸತ್ತಾಗ ಪೇಟಿ ಮಾರಿ ಕಟಗಿ ತಂದ್ವಿ."

ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಅಪ್ಪ ತಟ್ಟೆ ತಂದಿಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದರು. ಅಮ್ಮ ಎಲೆ ಎತ್ತಿ ನೋಡಿ ಮತ್ತೆ ಮುಚ್ಚಿಡುತ್ತಿದ್ದಳು. ಅವಳ ಮುಖ ನೋಡಿದರೆ ಸಾಕಿತ್ತು, ಎಲೆಯ ಕೆಳಗಿದ್ದದ್ದು ನಮಗೆಲ್ಲ ತಿಳಿಯುತ್ತಿತ್ತು.

ಮೇಡಂಗೆ ಕಾಲೇಜಿನಲ್ಲಿ ಕಾಯಂ ಕೆಲಸ ಇರಲಿಲ್ಲ. ಎಷ್ಟೋ ವರ್ಷಗಳಿಂದ ಗಂಟೆಯ ಲೆಕ್ಕದ ಪಾಠ. ನಾನು ಕೋರ್ಸು ಮುಗಿಸುವ ವರ್ಷ ಆ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಬಂತು. ಹೊರಗಿನವರು ಬಂದರೆ ಡಿಗ್ರಿ ಇಲ್ಲದವರ ಸೀಟುಗಳು ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಆ ಸೀಟು ಉಳೀಬೇಕಂದ್ರ ಆ ಕುರ್ಚಿ ಮ್ಯಾಲೆ ನಾ ಕೂತಿರಬೇಕು. ಪಗಾರಕ್ಕಲ್ಲ..." ಎಂದವರು ಸ್ವಲ್ಪ ತಡೆದು, "ಪಗಾರಕ್ಕೂ ಹೌದನ್ನು, ಯಾಕ ಸುಳ್ಳ ಹೇಳ್ಲಿ" ಎಂದು ನಕ್ಕಿದ್ದರು.

ಸಂದರ್ಶನದ ದಿನ ನಾನು ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾಯುತ್ತಿದ್ದೆ. ಅವರು ಇಳಕಲ್ ಸೀರೆಯುಟ್ಟು ಹೋಗಿದ್ದರು. ಬಂದವರೇ ಕೂತರು, ನೀರು ಕುಡಿದರು, ಇನ್ನೊಂದು ಲೋಟ ಕುಡಿದರು.

"ಎಂತ ಆಯ್ತು ಮೇಡಂ?"

"ಎಲ್ಲಾ ಛಲೋ ಆತು. ಕಡೀಕ ಮ್ಯಾನೇಜ್ಮೆಂಟಿನ ಒಬ್ಬ ಹಿರ್ಯಾರು, ಭಾಳ ದೊಡ್ಡ ಮನಷ್ಯಾ, ತನ್ನ ಕೈಲೇನ ನನಗ ಚಾ ಕೊಟ್ರು. ಕೊಟ್ಟು, ಪಗಾರ ಎಷ್ಟು ಬೇಕಂತೀರಿ ಅಂದ್ರು." ಅವರು ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದರು. "ಮನ್ಯಾಗ ಕನ್ನಡಿ ಮುಂದ ನಿಂತು ಹೇಳಿ ಹೇಳಿ ಹೋಗಿದ್ದೆ ತಂಗಿ. ಬಾಯಿ ತಗದೆ... ನಿಮಗ ತಿಳಿದಷ್ಟು ಕೊಡ್ರಿ ಅಂದಬಿಟ್ಟೆ. ಅಂದು, ಕೈ ಮುಗದೆ."

ಇಬ್ಬರೂ ಕಾಫಿ ಕುಡಿದು ಎದ್ದೆವು.

ಹುದ್ದೆ ಜಾಹೀರಾತು ಕಂಪನಿಯಿಂದ ಬಂದ ಒಬ್ಬರಿಗೆ ಹೋಯಿತು. ತನ್ನ ಬೆಲೆ ತನಗೇ ಗೊತ್ತಿಲ್ಲದವರು ಈ ಪಾಠ ಹೇಗೆ ಹೇಳಿಯಾರು ಎಂದು ಒಳಗೆ ಯಾರೋ ಅಂದರಂತೆ. ಮಾತು ನಮ್ಮ ಕ್ಲಾಸಿನವರೆಗೂ ಬಂತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಬೆನ್ನ ಹಿಂದೆ ನಕ್ಕವರೂ ಇದ್ದರು. ಅವರಲ್ಲಿ ಕೆಲವರು ಮೇಡಂ ಕೊಡಿಸಿದ ಸೀಟಿನಲ್ಲೇ ಕೂತು ಬೆಲೆ ಹೇಳುವುದನ್ನು ಕಲಿತವರು. ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಚಹಾ ಕೊಟ್ಟ ಆ ದೊಡ್ಡ ಮನುಷ್ಯರ ಮೇಲೋ, ಮೇಡಂ ಮೇಲೋ, ಸತ್ತುಹೋದ ನಮ್ಮಿಬ್ಬರ ಅಪ್ಪಂದಿರ ಮೇಲೋ...

ಮರುವರ್ಷ ಆ ಸೀಟುಗಳು ಹೋದವು. ಆಮೇಲೆ ಮೇಡಂ ಅವರ ಗಂಟೆಗಳು ಕಡಿಮೆಯಾದವು, ಆಮೇಲೆ ಇಲ್ಲವಾದವು. ಕರೆಯುತ್ತಿದ್ದವರು ಬರಬೇಡಿ ಎಂದೇನೂ ಹೇಳಲಿಲ್ಲ, ಕರೆಯುವುದನ್ನು ನಿಲ್ಲಿಸಿದರು. ಕೆಲವು ದಿನ ಮನೆಯಲ್ಲೇ ಪಾಠ ಹೇಳಿದರು. ಬರುವವರೆಲ್ಲ ಕೈಯಲ್ಲಿ ಹಣ್ಣು ಹಿಡಿದು ಬರುತ್ತಿದ್ದರು. ಫೀಸು ಎಷ್ಟು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಅಷ್ಟರಲ್ಲಿ ಎದೆಯ ಕಾಯಿಲೆ ಶುರುವಾಯಿತು. ಗಂಟೆಯ ಲೆಕ್ಕದ ಮೇಷ್ಟ್ರುಗಳಿಗೆ ಕಾಯಿಲೆಯೂ ಸ್ವಂತ ಖರ್ಚಿನದೇ. ಅವರ ಅಕ್ಕ ಒಂದೊಂದೇ ಬಳೆ ಬಿಚ್ಚುತ್ತ ಬಂದರು.

ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಮೂಗಿಗೆ ನಳಿಕೆ ಹಾಕಿದ್ದರು, ಮಾತಿಗೊಮ್ಮೆ ಉಸಿರು ಎಳೆಯಬೇಕಿತ್ತು. ನನ್ನನ್ನು ನೋಡಿ, "ಈಗ ಕಿರೀಟಕ್ಕ ಎಷ್ಟ ತಗೋತಿ?" ಎಂದರು. ಹೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಭಾಳ ಆತು. ಸ್ವಲ್ಪ ಕಡಿಮಿ ಮಾಡು."

ಅವರು ಗಿರಾಕಿಯಾಗಿದ್ದಾರೆ ಎಂದು ಆಗ ತಿಳಿಯಿತು. ಕಡಿಮೆ ಏನು, ಎಲ್ಲವನ್ನೂ ಪುಕ್ಕಟೆ ಕೊಡುತ್ತೇನೆ ಮೇಡಂ ಎಂದು ಕಾಲು ಹಿಡಿಯಬೇಕೆನಿಸಿತ್ತು. ಆದರೆ ಬಾಯಿ ಬಿಡಲಿಲ್ಲ. ಪಕ್ಕದ ಹಾಸಿಗೆಯವರ ಮನೆಯವರು ಬಂದು ಹೋದರು, ನರ್ಸು ಬಂದು ಹೋದಳು. ನಾನು ಸುಮ್ಮನೇ ಇದ್ದೆ.

"ಹಾಂ... ಕಲ್ತಿ" ಎಂದು ಕಣ್ಣು ಮುಚ್ಚಿದರು. ಆ ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ನನ್ನ ಸನ್ಮಾನದ ಸುದ್ದಿ ಎಲ್ಲಿಂದ ತಿಳಿಯಿತೋ, ಅದಾದ ವಾರಕ್ಕೇ ಅದೇ ಕಾಲೇಜಿನಿಂದ ಫೋನು ಬಂತು. ಈಗ ಅಲ್ಲಿ ಆ ಕೋರ್ಸಿಗೆ ಬೇರೆ ಹೆಸರು, ಬೇರೆ ಕಟ್ಟಡ, ಒಳಗೆ ಬರಲು ಡಿಗ್ರಿಯ ಜೊತೆ ಪ್ರವೇಶ ಪರೀಕ್ಷೆಯೂ ಬೇಕು. ನಾನು ಇವತ್ತು ಅರ್ಜಿ ಹಾಕಿದರೆ ಬಾಗಿಲ ಹತ್ತಿರವೂ ಬಿಡುವುದಿಲ್ಲ. ಹಾಗಿದ್ದೂ ಒಂದು ದಿನ ಬಂದು ಕಿರೀಟ ಮಾಡಿ ತೋರಿಸಬೇಕಂತೆ. ನಿಮ್ಮ ನಿರೀಕ್ಷೆ ಏನು ಎಂದು ಫೋನು ಮಾಡಿದ ಹೆಣ್ಣುಮಗಳು ಹಿಂದಿಯಲ್ಲಿ, ಬಹಳ ವಿನಯದಿಂದ ಕೇಳಿದಳು. ನಾನು ಬೆಲೆ ಹೇಳಿದೆ. ಹೇಳಿ ಸುಮ್ಮನಾದೆ. ಆ ಕಡೆಯೂ ಮೌನ. ಆಮೇಲೆ, ಕೇಳಿ ತಿಳಿಸುತ್ತೇವೆ ಎಂದಳು. ಇನ್ನೂ ತಿಳಿಸಿಲ್ಲ. ತಿಳಿಸುವ ಲಕ್ಷಣವೂ ಇಲ್ಲ.

ಸನ್ಮಾನದ ತಟ್ಟೆ ಇನ್ನೂ ಅಡುಗೆಮನೆಯ ಕಟ್ಟೆಯ ಮೇಲೇ ಇದೆ. ಎಲೆ ಒಣಗಿ ಸುರುಟಿಕೊಂಡಿದೆ, ವಾಸನೆಯೂ ಹೋಗಿದೆ. ಕೆಳಗಿನ ಲಕೋಟೆಯ ಅಂಚು ಕಾಣಿಸುತ್ತದೆ. ಮನೆಯಲ್ಲಿ ನಾನೊಬ್ಬಳೇ, ಕೊಟ್ಟವರು ಯಾರೂ ಎದುರಿಗಿಲ್ಲ. ಆದರೂ ದಿನಾ ಬೆಳಿಗ್ಗೆ ಎತ್ತಬೇಕು ಎಂದುಕೊಂಡು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಚಹಾಕ್ಕಿಡುತ್ತೇನೆ. ಎಲೆ ಎತ್ತುವುದನ್ನು ಕಲಿಸುವಷ್ಟು ಕಾಲ ಮೇಡಂ ಬದುಕಲಿಲ್ಲ. ಬದುಕಿದ್ದರೂ ಅದು ಅವರಿಗೇ ಬರುತ್ತಿರಲಿಲ್ಲ.