ನಾಂಪಲ್ಲಿಯ ದಾರಿಯಲ್ಲಿ ನಿಂತ ಕಾರು

ನಿವೃತ್ತರಾದ ಮೇಲೆ ನನ್ನ ಗಂಡ ಒಂದು ಹಳೆಯ ಕಾರು ಕೊಂಡರು. ನಾವಿಬ್ಬರೂ ಹುಟ್ಟುವ ಮೊದಲೇ ರಸ್ತೆಗಿಳಿದಿದ್ದ ಕಾರು ಅದು. ಗುಂಡು ಮೂತಿ, ಕೆನೆ ಬಣ್ಣ, ಕೂತರೆ ಕಿರ್ರೆನ್ನುವ ಸೀಟು. ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಅದರ ಹಾರನ್ ಒತ್ತಲು ಸರದಿ ನಿಲ್ಲುತ್ತಿದ್ದರು.

ಕಾರಿಗೆ ಒಂದು ಚಾಳಿ ಇತ್ತು. ಅರ್ಧ ಗಂಟೆ ಸೊಗಸಾಗಿ ಓಡುವುದು, ಆಮೇಲೆ ಕೆಮ್ಮುವುದು, ಎರಡು ಸಲ ಜಗ್ಗಿ ನಿಂತುಬಿಡುವುದು. ಪಕ್ಕದಲ್ಲೆಲ್ಲೋ ಚಹಾ ಕುಡಿದು ಬಂದರೆ ಏನೂ ಆಗದವರ ಹಾಗೆ ಮತ್ತೆ ಶುರುವಾಗುತ್ತಿತ್ತು. ಎಂಜಿನ್ನಿಗೆ ಪೆಟ್ರೋಲ್ ಸರಿಯಾಗಿ ತಲುಪುತ್ತಿಲ್ಲ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾಕೆ ತಲುಪುತ್ತಿಲ್ಲ ಎನ್ನುವುದರಲ್ಲೇ ಜಗಳ.

ಜಗಳ ನನ್ನ ಗಂಡನಿಗೂ ನನ್ನ ಅಣ್ಣನಿಗೂ. ಅಣ್ಣನದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ. ಆದರೂ ಕಾರಿನ ವಿಷಯದಲ್ಲಿ ಅವನು ಸೋಲುವವನಲ್ಲ. ಗಂಡನ ಪ್ರಕಾರ ಎಲ್ಲದಕ್ಕೂ ಕಸವೇ ಕಾರಣ. ಕಾರ್ಬ್ಯುರೇಟರ್ ಬಿಚ್ಚಿ ನನ್ನ ಊಟದ ಮೇಜಿನ ಮೇಲೆ ಹರವಿ, ಸಣ್ಣ ಸಣ್ಣ ತೂತುಗಳನ್ನೆಲ್ಲ ಊದಿ ತೊಳೆದರು. ಫಿಲ್ಟರ್ ಬದಲಾಯಿತು, ಪೆಟ್ರೋಲ್ ಪಂಪಿನ ಒಳಗಿನ ರಬ್ಬರೂ ಬದಲಾಯಿತು. ಮನೆ ತುಂಬ ವಾಸನೆ ಬಂತೇ ಹೊರತು ಕಾರಿನ ಕೆಮ್ಮು ಹೋಗಲಿಲ್ಲ.

ಅಣ್ಣ ಮಾತ್ರ ಬಿಸಿಯ ಪಕ್ಷ. "ಬಿಸಿಲಿಗೆ ಪೈಪಿನ್ಯಾಗ ಪೆಟ್ರೋಲ್ ಆವಿ ಆಗತೈತಿ. ಪಂಪಿನ ಮ್ಯಾಲ ಹಸಿ ಅರಿವಿ ಹಾಕ್ರಿ, ಹೆಂಗ ಓಡ್ತೈತಿ ನೋಡ್ರಿ," ಎಂದ. ಹಾಗಾಗಿ ಆ ಬೇಸಿಗೆಯೆಲ್ಲ ಹಳೆ ಸೀರೆಯ ತುಂಡು ಮತ್ತು ನೀರಿನ ಬಾಟಲಿ ಹಿಡಿದು ಹಿಂದಿನ ಸೀಟಿನಲ್ಲಿ ಕೂರುವ ಕೆಲಸ ನನಗೆ ಬಂತು.

ಜನವರಿಯಲ್ಲಿ, ವರ್ಷಕ್ಕೊಮ್ಮೆ ಜಾತ್ರೆಯ ಹಾಗೆ ನಡೆಯುವ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗಲೇಬೇಕೆಂದು ನಾನು ಹಟ ಹಿಡಿದೆ. ಭಾನುವಾರ ಊಟಕ್ಕೆ ಬಂದಿದ್ದ ಅಣ್ಣನೂ ಹೊರಟ. ಮೆಹದಿಪಟ್ನಂ ಹತ್ತಿರ ಬರುವಷ್ಟರಲ್ಲಿ ಕಾರು ಕೆಮ್ಮಿತು, ಜಗ್ಗಿತು, ನಿಂತಿತು. ಹಿಂದೆ ಹಾರನ್‌ಗಳ ಸುರಿಮಳೆ. ಒಬ್ಬ ಆಟೋದವನು ತಲೆ ಹೊರಹಾಕಿ, "ಮ್ಯೂಸಿಯಂ ಕೋ ಲೇ ಜಾರೇ ಕ್ಯಾ ಚಾಚಾ?" ಎಂದು, ಕಾರನ್ನು ಮ್ಯೂಸಿಯಮ್ಮಿಗೆ ಒಯ್ಯುತ್ತಿದ್ದೀರಾ ಎಂದು ಕೇಳಿ ನಕ್ಕ. ನಕ್ಕವನೇ ಇಳಿದು ಬಂದು ಕಾರನ್ನು ಬದಿಗೆ ತಳ್ಳಿಕೊಟ್ಟು ಹೋದ.

"ನಾ ಹೇಳಿದ್ನಿಲ್ಲ? ಬಿಸಿ!" ಎಂದ ಅಣ್ಣ.

"ಸ್ವೆಟರ್ ಹಾಕ್ಕೊಂಡು ನಿಂತೀರಿ, ಬಿಸಿ ಅಂತೀರಲ್ರಿ!" ಎಂದರು ನಮ್ಮವರು.

ಇಬ್ಬರೂ ಬಾನೆಟ್ ಎತ್ತಿ ವಾದಕ್ಕೆ ನಿಂತರು. ನನಗೆ ಬೇಸರವಾಯಿತು. "ಪೆಟ್ರೋಲ್ ಐತೇನ್ರಿ ಮೊದ್ಲು?" ಎಂದೆ. "ಮೊನ್ನೆ ಹಾಕ್ಸೀನಿ," ಎಂದು ನೋಡದೆಯೇ ಹೇಳಿದರು. ನಂಬಿಕೆ ಸಾಲದೆ ನಾನೇ ಕೀಲಿ ತೆಗೆದುಕೊಂಡು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸ್‌ಸ್‌ಸ್ ಎಂದು ಟ್ಯಾಂಕು ಗಾಳಿಯನ್ನು ಉದ್ದಕ್ಕೆ ಒಳಗೆ ಎಳೆದುಕೊಂಡಿತು. ಬೆಚ್ಚಿ ಕೈ ಬಿಟ್ಟೆ.

"ಏನ್ರಿ, ಇದು ಉಸಿರು ಎಳಕೊಳ್ಳಾಕತ್ತೈತಿ!"

ಗಂಡ ಓಡಿ ಬಂದರು. ಮುಚ್ಚಳ ನೋಡಿದರು, ನನ್ನನ್ನು ನೋಡಿದರು. "ಮುಚ್ಚಬ್ಯಾಡ, ಹಂಗ ಬಿಡು," ಎಂದು ಹೋಗಿ ಸ್ಟಾರ್ಟ್ ಮಾಡಿದರು. ನಾಲ್ಕಾರು ಸಲ ಗೊಣಗಿ ಎಂಜಿನ್ ಶುರುವಾಯಿತು.

ಆಗ ನನಗೆ ಅಡುಗೆಮನೆಯ ಎಣ್ಣೆ ಡಬ್ಬಿ ಕಣ್ಣ ಮುಂದೆ ಬಂತು. ಒಂದೇ ತೂತು ಮಾಡಿದರೆ ಎಣ್ಣೆ ತಡೆತಡೆದು ಬೀಳುತ್ತದೆ, ಗಾಳಿಗೆ ಇನ್ನೊಂದು ತೂತು ಬೇಕು. ಪೆಟ್ರೋಲ್ ಹೊರಗೆ ಹೋದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಈ ಮುಚ್ಚಳದಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. ನಾವು ಚಹಾ ಕುಡಿಯುವಷ್ಟರಲ್ಲಿ ಸಂದಿಯಿಂದ ಒಂದಿಷ್ಟು ನುಸುಳುತ್ತಿತ್ತು, ಅಷ್ಟೇ.

ಇದನ್ನೆಲ್ಲ ಅವರಿಬ್ಬರಿಗೂ ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಮುಚ್ಚಳ ಅಣ್ಣನ ಉಡುಗೊರೆ. ಹಳೆಯದು ತುಕ್ಕು ಹಿಡಿದಿದೆ ಎಂದು ಕಾರಿನ ಪೂಜೆಯ ದಿನ ಊರೆಲ್ಲ ಹುಡುಕಿ ತಂದುಕೊಟ್ಟಿದ್ದ, ಕೀಲಿ ಹಾಕುವ, ಫಳಫಳ ಹೊಳೆಯುವ ಮುಚ್ಚಳ. ಅಣ್ಣ ಕನ್ನಡಕ ತೆಗೆದು ಒರೆಸತೊಡಗಿದ. ಇಷ್ಟು ತಿಂಗಳು ವಾದದಲ್ಲಿ ಒಂದಿಂಚೂ ಬಿಡದ ನನ್ನ ಗಂಡ ಈಗ ಏನಂದುಬಿಡುತ್ತಾರೋ ಎಂದು ಅವರ ಮುಖ ನೋಡಿದೆ.

ಅವರು ಮುಚ್ಚಳವನ್ನು ಅಂಗೈಯಲ್ಲಿಟ್ಟು ತೂಗಿದರು. "ಮಾಲ್ ಮಾತ್ರ ಭಾಳ ಛಲೋ ಐತ್ರಿ," ಎಂದರು ಗಂಭೀರವಾಗಿ. "ಗಾಳಿ ಸುದ್ದಾ ಒಳಗ ಹೋಗಂಗಿಲ್ಲ."

ಅಣ್ಣ ಒಂದು ಕ್ಷಣ ಅವರನ್ನೇ ನೋಡಿದ. ಆಮೇಲೆ ನಗು ಹೊಟ್ಟೆಯಿಂದ ಎದ್ದು ಬಂತು. ರಸ್ತೆ ಬದಿಯಲ್ಲೇ ಕಾರಿಗೆ ಒರಗಿ, ಭುಜ ಕುಣಿಸಿ ನಕ್ಕ. "ಕಳ್ಳರು ಬರಬಾರ್ದಂತ ತಂದ್ನಿ ಮಾರಾಯ್ರ, ಗಾಳೀಗೂ ಬಾಗ್ಲಾ ಹಾಕಿಬಿಟ್ಟೀನಿ!"

ಮುಚ್ಚಳ ಸಡಿಲವಾಗಿಟ್ಟುಕೊಂಡು ನಿಧಾನವಾಗಿ ನಾಂಪಲ್ಲಿ ಸೇರಿದೆವು. ಎಕ್ಸಿಬಿಷನ್ನಿನಲ್ಲಿ ನನಗೆ ಬೇಕಾದ ಕಂಬಳಿ ಸಿಕ್ಕಿತು. ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಮಿರ್ಚಿ ಬಜ್ಜಿ ತಿಂದರು. ಮರುದಿನವೇ ಅಣ್ಣ ಮುಚ್ಚಳ ಒಯ್ದು, ತನ್ನ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಸೂಜಿಯಷ್ಟು ಸಣ್ಣ ತೂತು ಹಾಕಿಸಿಕೊಂಡು ಬಂದ. ಅಂದಿನಿಂದ ಕಾರು ದಾರಿಯಲ್ಲಿ ನಿಂತಿಲ್ಲ.

ಈಗಿನ ತಕರಾರೇ ಬೇರೆ. ಭಾನುವಾರ ಅಣ್ಣ ಬಂದವನೇ, "ಒಂದು ರೌಂಡ್ ಹೊಡದು ಬರ್ತೀನಿ," ಎಂದು ಕಾರು ಒಯ್ಯುತ್ತಾನೆ. ನಮ್ಮವರು ಬಾಲ್ಕನಿಯಲ್ಲಿ ನಿಂತು ಗೇಟಿನ ಕಡೆ ನೋಡುತ್ತ, "ಇಷ್ಟೊತ್ತಾತು, ಇನ್ನೂ ಬರ್ಲಿಲ್ಲಲ್ಲ ನಿಮ್ಮಣ್ಣ," ಎನ್ನುತ್ತಿರುತ್ತಾರೆ.