ಎರಡನೆಯ ಗುಟುಕು

ನಮ್ಮ ದೊಡ್ಡಪ್ಪ ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡುವವರಾಗಿದ್ದರು. ಹೌದು, ಅದೇ ಕೆಲಸ, ಅದಕ್ಕೇ ಸಂಬಳ! ಗ್ಲಾಸು ಹಿಡಿದು ಟ್ಯಾಂಕಿನಿಂದ ಟ್ಯಾಂಕಿಗೆ ಹೋಗುವುದು, ಒಂದು ಗುಟುಕು ಬಾಯಲ್ಲಿ ಆಡಿಸುವುದು. ಹುಳಿ ಬಂದಿದೆ ಎಂದು ಉಗಿದು ತಲೆ ಅಲ್ಲಾಡಿಸಿದರೋ ಮುಗಿಯಿತು, ಇಡೀ ಟ್ಯಾಂಕು ಮೋರಿಗೆ. "ಕುಡಿದು ಮನೆ ಹಾಳು ಮಾಡಿದವರನ್ನ ಬೇಕಾದಷ್ಟು ನೋಡಿದ್ದೀನಿ, ಕುಡಿದು ಮನೆ ಕಟ್ಟಿಸಿದವರು ಇವರೊಬ್ಬರೇ" ಎನ್ನುತ್ತಾರೆ ದೊಡ್ಡಮ್ಮ.

ಅಂಥವರಿಗೆ ಏನು ತಂದುಕೊಡೋದು ಹೇಳಿ! ಕಾಲೇಜಿನ ಹತ್ತಿರದ ಅಂಗಡಿಯಲ್ಲಿ ಹೊರದೇಶದ ಚೆರ್ರಿ ಬಿಯರ್ ಕಂಡಿತು ನೋಡಿ, ತಡೆಯಲಾಗಲಿಲ್ಲ, ಬಾಟಲಿಯನ್ನು ಸ್ವೆಟರಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ಎಳೆಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದೆ. ಸುರಿದರೆ ಏನು ಬಣ್ಣ, ನೊರೆ ಕೂಡ ಗುಲಾಬಿ!

ದೊಡ್ಡಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದರು, ಮೂಸಿದರು, ಗುಟುಕರಿಸಿದರು. ಮರುಕ್ಷಣವೇ ಎದ್ದು ಹೋಗಿ ಅಡುಗೆಮನೆ ಸಿಂಕಿಗೆ ಥೂ ಎಂದು ಉಗಿದರು.

"ಕೆಟ್ಟುಹೋಗಿದೆ ಕಣೇ. ಅಂಗಡಿಗೆ ವಾಪಸ್ ಕೊಡು."

"ಅಯ್ಯೋ, ಚೆಲ್ಲಬೇಡಿ ದೊಡ್ಡಪ್ಪ! ಅದು ಇರೋದೇ ಹುಳಿ. ಬೇಕಂತಲೇ ಹುಳಿ ಬರಿಸ್ತಾರೆ!"

"ಬೇಕಂತ ಯಾರಾದ್ರೂ ಕೆಡಿಸ್ತಾರಾ?"

"ಇನ್ನೊಂದೇ ಗುಟುಕು. ನಂಗೋಸ್ಕರ!"

"ನನ್ನ ಅಡುಗೆಗೂ ಮೊದಮೊದಲು ಇದೇ ಮುಖ ಮಾಡ್ತಿದ್ರಿ," ಎಂದರು ದೊಡ್ಡಮ್ಮ. "ನಾನೇನು ಸಿಂಕ್ ತೋರಿಸಿದ್ನಾ? ನುಂಗಿ ಸುಮ್ನೆ."

ಈ ಸಲ ನುಂಗಿದರು. ಹುಳಿ ಇಳಿದ ಮೇಲೆ ಮೆಲ್ಲಗೆ ಚೆರ್ರಿ ಬರುತ್ತದಲ್ಲ, ಅದು ಬಂತೆಂದು ಅವರ ಮುಖ ನೋಡಿಯೇ ಗೊತ್ತಾಯಿತು. ನಾನು ಚಪ್ಪಾಳೆ ತಟ್ಟಿದೆ. ಅವರು ಮಾತ್ರ ಗ್ಲಾಸನ್ನು ಮತ್ತೆ ಬೆಳಕಿಗೆ ಹಿಡಿದರು.

"ದಾಡಿ ಇದನ್ನೇ ಮಾಡಿದ್ದ," ಎಂದರು.

ದಾಡಿ ಎಂದರೆ ಟ್ಯಾಂಕು ನೋಡಿಕೊಳ್ಳುತ್ತಿದ್ದ ಅವರ ಗೆಳೆಯ. ಮ್ಯಾನೇಜರನ್ನು ಕಾಡಿ ಬೇಡಿ, ಮೂಲೆಯ ಸಣ್ಣ ಟ್ಯಾಂಕಿಗೆ ಚೆರ್ರಿ ಹಾಕಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಗ್ಲಾಸು ತಂದುಕೊಟ್ಟು "ಒಂದೇ ಗುಟುಕಿಗೆ ತೀರ್ಮಾನ ಮಾಡಬೇಡ ಕಣೋ" ಎಂದಿದ್ದನಂತೆ. ದೊಡ್ಡಪ್ಪ ಒಂದಕ್ಕೇ ಉಗಿದರು. ಸಂಜೆಯೊಳಗೆ ಟ್ಯಾಂಕು ಖಾಲಿ. ದಾಡಿ ತಾನಾಗಿ ಕೇಳಿಕೊಂಡು ಬಾಟಲಿ ತೊಳೆಯುವ ಕಡೆಗೆ ಹೋದ. ಆಮೇಲೆ ಎದುರು ಸಿಕ್ಕರೆ ನಗುತ್ತಿದ್ದ, ಅಷ್ಟೇ.

"ಫೋನ್ ಮಾಡಿ, ಈಗಲೇ ಹೇಳಿಬಿಡಿ!" ಎಂದು ಅವರ ಫೋನಿನಲ್ಲಿ ನಾನೇ ದಾಡಿಯ ನಂಬರು ಒತ್ತಿ ಸ್ಪೀಕರಿಗೆ ಹಾಕಿದೆ.

"ಏನೋ, ಬದುಕಿದ್ದೀಯಾ?" ಎಂದಿತು ಆ ಕಡೆಯ ಧ್ವನಿ.

"ನಿನ್ನ ಚೆರ್ರಿ ಟ್ಯಾಂಕು ಕೆಟ್ಟಿರಲಿಲ್ಲ ಕಣೋ. ಇವತ್ತು ಗೊತ್ತಾಯ್ತು. ನಂದೇ ತಪ್ಪು."

ಚೆನ್ನಾಗಿ ಬೈದುಬಿಡಲಿ ದೇವರೇ ಎಂದುಕೊಂಡೆ.

"ಹೋಗಲಿ ಬಿಡು. ಹೇಗಿತ್ತೋ ಅದು?"

"ಯಾಕೆ, ನೀನು ಕುಡಿದಿರಲಿಲ್ವಾ?"

"ನೀನು ಸರಿ ಅನ್ನೋಕೆ ಮುಂಚೆ ನಾವು ಬಾಯಿಗಿಡೋ ಹಾಗಿತ್ತೇನೋ? ಕಾದುಕೊಂಡಿದ್ದೆ. ಆಮೇಲೆ ಕುಡಿಯೋಕೆ ಏನಿತ್ತು? ಅದರ ರುಚಿ ನೋಡಿದವನು ನೀನೊಬ್ಬನೇ. ಹೇಳು, ಚೆರ್ರಿ ಸಿಕ್ತಾ?"

ಸಿಕ್ತು ಅನ್ನಿ, ಸಿಕ್ತು ಅನ್ನಿ ಎಂದು ನಾನು ಸನ್ನೆ ಮಾಡಿದ್ದೇ ಮಾಡಿದ್ದು, ದೊಡ್ಡಮ್ಮನೂ ತಲೆಯಾಡಿಸಿದರು. ದೊಡ್ಡಪ್ಪ ಕಣ್ಣು ಮುಚ್ಚಿ ಹುಡುಕಿದರು, ಬಾಯಿ ಆಡಿಸಿ ನೋಡಿದರು. ರುಚಿಯ ವಿಷಯದಲ್ಲಿ ಸುಳ್ಳು ಹೇಳಿ ಅವರಿಗೆ ಗೊತ್ತೇ ಇಲ್ಲ.

"ಅಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳಲೇ ಇಲ್ಲ ಕಣೋ," ಎಂದರು.