ನೀಲವ್ವತ್ತೆಯ ಬೇಸಿಗೆ ಮನೆ

ನೀಲವ್ವತ್ತೆ ಅಂದು ನನ್ನ ಮೇಲೆ ಎಸೆದದ್ದು ಚಪ್ಪಲಿ ಆಗಿರಲಿಕ್ಕಿಲ್ಲ. ಅಕ್ಕ ಅದು ಸೌತೆಕಾಯಿ ಎನ್ನುತ್ತಾಳೆ. ಚಪ್ಪಲಿಯಾಗಿದ್ದರೆ ನೀನು ಅದನ್ನು ಎತ್ತಿಕೊಂಡು ಸೆರಗಿಗೆ ಒರೆಸಿ ತಿನ್ನುತ್ತಿದ್ದೆಯಾ ಎಂದು ಕೇಳುತ್ತಾಳೆ. ತಿಂದದ್ದು ನನಗೂ ನೆನಪಿದೆ, ಬಿಸಿಲಿಗೆ ಬೆಚ್ಚಗಾಗಿದ್ದ ಎಳೆಯ ಸೌತೆಕಾಯಿ. ಆದರೆ ಕಿವಿಯ ಪಕ್ಕ ಹಾದುಹೋದದ್ದು ಕಪ್ಪಗಿತ್ತು, ಅದಕ್ಕೆ ಪಟ್ಟಿ ಇತ್ತು. ಎರಡೂ ಒಂದೇ ದಿನದವೋ, ಬೇರೆ ಬೇರೆ ಬೇಸಿಗೆಯವೋ, ಈಗ ಹೇಳಲಾರೆ. ಮಾತಿನ ಬಗ್ಗೆ ಮಾತ್ರ ಅನುಮಾನವಿಲ್ಲ.

"ಏ ತಾಂಬಾದಾಕಿ! ಗ್ವಾಡ್ಯಾಗಿಂದ ಬರ್ತೀಯೇನ? ಬಾಗಲಾ ಇಲ್ಲೇನ ನಮ್ಮ ಮನಿಗೆ?"

ಗೋಡೆ ಇರಲಿಲ್ಲ. ಬಾಗಿಲೂ ಇರಲಿಲ್ಲ. ಒಣಗಿ ಬಿರಿದ ಕರಿ ಹೂಳಿನ ಬಯಲಲ್ಲಿ ಮೊಳಕಾಲೆತ್ತರಕ್ಕೂ ಬಾರದ ಕಲ್ಲಿನ ಸಾಲು ಚೌಕಾಕಾರವಾಗಿ ಹರಿದಿತ್ತು. ಅದರ ನಡುವೆ ಗಂಡಸರ ದೊಡ್ಡ ಕರಿ ಛತ್ರಿ ಬಿಚ್ಚಿಕೊಂಡು, ಹಣೆ ತುಂಬ ವಿಭೂತಿ ಬಳಿದ ಎತ್ತರದ ಹೆಂಗಸು ಕೂತಿದ್ದರು. ಹಿಂದೆ ಬರುತ್ತಿದ್ದ ಅಕ್ಕ ನನ್ನ ರಟ್ಟೆ ಹಿಡಿದೆಳೆದು, ಕಲ್ಲಿನ ಸಾಲು ಕಡಿದುಹೋದ ಒಂದು ಜಾಗಕ್ಕೆ ಸುತ್ತಿಸಿ ಕರೆದೊಯ್ದಳು. ಅಲ್ಲಿ ನೆಲದಲ್ಲಿ ಒಂದು ಉದ್ದನೆಯ ಹಾಸುಗಲ್ಲಿತ್ತು. ಅದನ್ನು ದಾಟಿದ ಮೇಲೆ ಆ ಹೆಂಗಸಿನ ಮುಖವೇ ಬದಲಾಯಿತು.

"ಬಾರವ್ವ, ಬಾ. ಆರಾಮ ಅದೀಯೇನು? ತಾಂಬಾದಾಗ ಮಳಿ ಹನಿ ಏನರ ಬಿತ್ತೇನು? ಕುಂದ್ರು. ಅಲ್ಲಿ ಬ್ಯಾಡ, ಅದು ದೇವರ ಮನಿ."

ಇವರು ನೀಲವ್ವತ್ತೆ, ನನ್ನ ಅಕ್ಕನ ಅತ್ತೆ. ಅಕ್ಕನನ್ನು ನಮ್ಮೂರು ತಾಂಬಾದಿಂದ ಕೊಲ್ಹಾರಕ್ಕೆ ಕೊಟ್ಟಾಗ ಊರು ಆಗಲೇ ಎರಡಾಗಿತ್ತು. ಕೃಷ್ಣೆಯ ಹಿನ್ನೀರು ನುಂಗಿದ ಹಳೆಯ ಊರು ಕೆಳಗೆ, ಜನರನ್ನು ತಂದು ಕೂರಿಸಿದ ಹೊಸ ಊರು ಮೇಲೆ. ಬೇಸಿಗೆ ಬಲಿತು ನೀರು ಹಿಂದೆ ಸರಿದರೆ ಹಳೆಯ ಊರಿನ ತಳಪಾಯಗಳು, ಓಣಿಗಳು, ಎರಡೋ ಮೂರೋ ಮೆಟ್ಟಿಲು ಮೇಲೇಳುತ್ತವೆ. ಮಳೆಗಾಲಕ್ಕೆ ಮತ್ತೆ ಮುಳುಗುತ್ತವೆ. ನಡುವೆ ಸಿಗುವ ಆ ಕೆಲವು ವಾರ ನೀಲವ್ವತ್ತೆ ಮುಂಜಾನೆ ರೊಟ್ಟಿ ಬಡಿದು, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಂಡು, ಮಣ್ಣಿನ ಮಗಿಯಲ್ಲಿ ಮೊಸರು ತುಂಬಿಕೊಂಡು "ಮನಿಗೆ ಹೋಗಿ ಬರ್ತೇನಿ" ಎಂದು ಹೊರಡುವರು. ಸಂಜೆ ಇಳಿಹೊತ್ತಿಗೆ ತಿರುಗಿ ಬರುವರು. ಸಿಂದಗಿಯಲ್ಲಿ ಕೆಲಸ ಮಾಡುವ ನಾನು ಸೂಟಿ ಸಿಕ್ಕರೆ ವಿಜಯಪುರದ ಮೇಲೆ ಹಾಯ್ದು ಅಕ್ಕನ ಮನೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅಲ್ಲಿಗೂ ಹೋಗಲೇಬೇಕಾಗುತ್ತಿತ್ತು. ಮೇಲಿನ ಮನೆಯಲ್ಲಿ ಉಂಡದ್ದು ಅವರ ಲೆಕ್ಕಕ್ಕೆ ಊಟವಲ್ಲ.

ಮೇಲಿನ ಊರಿಗೆ ಅವರು ಊರು ಎಂದವರೇ ಅಲ್ಲ. ಮಗ ಸಿಮೆಂಟಿನ ಮನೆ ಕಟ್ಟಿದ, ಮೊಮ್ಮಕ್ಕಳು ಹುಟ್ಟಿದವು, ಬೇವಿನ ಗಿಡ ಮಾಳಿಗೆ ಮೀರಿ ಬೆಳೆಯಿತು. ಅವರಿಗೆ ಅದು ಕೊನೆಯತನಕ ಕ್ಯಾಂಪು. ಒಮ್ಮೆ ಕಣ್ಣು ತೋರಿಸಲು ಅವರನ್ನು ವಿಜಯಪುರಕ್ಕೆ ಕರೆದೊಯ್ದು ತಿರುಗಿ ಬರುವಾಗ, ಕಂಡಕ್ಟರು ಎಲ್ಲಿಗೆ ಎಂದು ಕೇಳಿದ.

"ಕೊಲ್ಹಾರದ ಕ್ಯಾಂಪಿಗೆ."

"ಅಂಥಾ ಸ್ಟಾಪಿಲ್ಲ ಅವ್ವಾ."

"ಹಂಗಾದ್ರ ಊರಿಗೇ ಬಿಡು."

ಯಾರೋ ಹಿಂದಿನ ಸೀಟಿನಿಂದ, "ಊರು ನೀರಾಗ ಐತಿ, ಮುದುಕಿ" ಎಂದರು.

"ನೀರಿನ ಮಟಾ ಬಿಡ್ರಿ ಸಾಕು. ಮುಂದ ನಾ ನೋಡ್ಕೋತೇನಿ."

ಇಡೀ ಬಸ್ಸು ನಕ್ಕಿತು. ಅವರು ನಗಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆನೋ, ಅಕ್ಕ ಹೇಳಿದ್ದನ್ನು ಕಂಡಂತೆ ಮಾಡಿಕೊಂಡೆನೋ ಎಂದು ಕೇಳಿದರೆ, ಹಿಂದಿನ ಸೀಟಿನವನ ಮುಖ ನನ್ನ ನೆನಪಿನಲ್ಲಿಲ್ಲ ಎಂದಷ್ಟೇ ಹೇಳಬಲ್ಲೆ.

ಮಾತಾಡುವಾಗ ಅವರು ಎದುರಿನವರ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದರು, ಎಲ್ಲಿ ನಿಂತಿದ್ದಾರೆ ಎಂದು. ಕೆಳಗಿನ ಮನೆಯಲ್ಲಿ ರೂಢಿಯಾದದ್ದು ಮೇಲಿನ ಮನೆಯಲ್ಲೂ ಹೋಗಿರಲಿಲ್ಲ. ಯಾರು ಬಂದರೂ ಅವರ ಕಣ್ಣು ಮೊದಲು ನೆಲಕ್ಕೆ. ನೀರು ಇಳಿದಾಗ ಫೋನು ಹಿಡಿದು ಬರುವ ಹುಡುಗರಿಗಂತೂ ಅವರೆಂದರೆ ಸಿಂಹಸ್ವಪ್ನ. ಒಂದು ಸಲ ಹುಡುಗರ ಗುಂಪೊಂದು ಆ ಕಲ್ಲುಗಳ ಮೇಲೆ ನಿಂತು ಕುಣಿಯುತ್ತ ರೀಲ್ಸ್ ಮಾಡುತ್ತಿತ್ತು. ಅತ್ತೆ ಛತ್ರಿ ಮಡಚಿ ಎದ್ದರು.

"ಯಾರ ಮಕ್ಕಳೋ ನೀವು? ನಿಮ್ಮ ಅಡಗಿಮನ್ಯಾಗ ಹೊಕ್ಕು ನಾ ಕುಣೀಲೇನು? ಕುಣೀಲೇನು ಹೇಳು!"

ಅವರಲ್ಲೊಬ್ಬ, "ಆಯಿ, ಇಲ್ಲಿ ಮನಿ ಎಲ್ಲೈತಿ?" ಎಂದ.

"ನಿನ್ನ ಕಣ್ಣಿಗೆ ಕಾಣಲಿಲ್ಲಂದ್ರ ನನ್ನ ಮನಿ ಹೋತೇನು? ನೀ ಕಣ್ಣು ಮುಚ್ಚಿದ್ರ ನಿಮ್ಮಪ್ಪ ಹೋದನೇನು? ಇಳಿ ಕೆಳಗ!"

ಇಳಿಸಿದರು. ಸರಿದ ಕಲ್ಲುಗಳನ್ನು ಆ ಹುಡುಗರ ಕೈಯಿಂದಲೇ ಸರಿಯಾಗಿ ಇಡಿಸಿದರು. ಆಮೇಲೆ ಹಾಸುಗಲ್ಲಿನ ಕಡೆಯಿಂದ ಒಳಗೆ ಕರೆದು, ಸಾಲಾಗಿ ಕೂರಿಸಿ ರೊಟ್ಟಿ ಮೊಸರು ಹಾಕಿದರು. ನಮಗೆ ಉಳಿದದ್ದು ಹಿಂಡಿ ಮಾತ್ರ. ಅಕ್ಕ ಸಿಟ್ಟಿನಿಂದ ನನ್ನನ್ನು ನೋಡಿದಳು, ನನ್ನದೇ ತಪ್ಪು ಎನ್ನುವ ಹಾಗೆ.

ಆದರೆ ಆ ಮನೆಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ಕಿರಿಕಿರಿ ಇತ್ತು. ಅತ್ತೆ ಪ್ರತಿ ಬೇಸಿಗೆಗೂ ಮನೆ ತೋರಿಸುತ್ತಿದ್ದರು. ಇದು ಪಡಸಾಲಿ, ಇಲ್ಲಿ ಎಮ್ಮಿ ಕಟ್ಟತಿದ್ವಿ, ಇಲ್ಲಿ ನಿಮ್ಮ ಮಾವ ಲೆಕ್ಕ ಇಲ್ಲದಷ್ಟು ಚಾ ಕುಡೀತಾ ಕುಂದರತಿದ್ರು. ಒಂದು ವರ್ಷ ಅಡುಗೆಮನೆ ನದಿಯ ಕಡೆಗಿತ್ತು. ಮರುವರ್ಷ ಹೋದಾಗ ಅದು ಓಣಿಯ ಕಡೆಗೆ ಬಂದಿತ್ತು. ನಾನು ಸುಮ್ಮನಿರಲಾರದೆ ಕೇಳಿದೆ:

"ಅತ್ತಿ, ಹ್ವಾದ ವರ್ಷ ಅಡಗಿಮನಿ ಆ ಕಡೆ ಇತ್ತಲ್ರಿ?"

ಅವರು ಕ್ಷಣವೂ ತಡೆಯದೆ, "ಹ್ವಾದ ವರ್ಷ ಗಾಳಿ ಆ ಕಡೆ ಇತ್ತು" ಎಂದರು.

ಮೇಲಿನ ಮನೆಗೆ ಬಂದ ಮೇಲೆ ಅಕ್ಕ ಹೇಳಿದಳು, "ಅವರಿಗೆ ಎದುರು ಮಾತಾಡಬ್ಯಾಡ. ಅವರಿಗೆ ಅದೊಂದ ಉಳದೈತಿ." ಆಗ ಅಕ್ಕನ ದನಿಯಲ್ಲಿ ಕರುಣೆ ಇರಲಿಲ್ಲ, ದಣಿವಿತ್ತು. ಉರಿಬಿಸಿಲಲ್ಲಿ ಎಪ್ಪತ್ತು ದಾಟಿದ ಅತ್ತೆಯನ್ನು ಕೆಳಗೆ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದದ್ದು ಅವಳನ್ನೇ. "ಅದು ನಿಮಗ ಮನಿ, ನನಗ ಕಲ್ಲು" ಎಂದು ಒಮ್ಮೆ ಅತ್ತೆಯ ಮುಖಕ್ಕೇ ಹೇಳಿದ್ದಳಂತೆ. ಅತ್ತೆ ಎರಡು ದಿನ ಅವಳ ಕೈಯಡುಗೆ ಉಣ್ಣಲಿಲ್ಲವಂತೆ.

ಹೋದ ಬೇಸಿಗೆಯಲ್ಲಿ ಜೆಸಿಬಿ ಬಂತು.

ಹೂಳು ಹೊಲಕ್ಕೆ ಒಳ್ಳೆಯದು. ಅದನ್ನು ತೆಗೆದು ಟ್ರ್ಯಾಕ್ಟರಿಗೆ ತುಂಬಿ ಸುತ್ತಲಿನ ಹೊಲಗಳಿಗೆ ಸಾಗಿಸುವ ಕೆಲಸ ಹಿಂದಿನಿಂದಲೂ ನಡೆದಿತ್ತು, ಆದರೆ ದೂರದಲ್ಲಿ. ಹೋದ ವರ್ಷ ಅಗೆಯುತ್ತ ಅಗೆಯುತ್ತ ಅತ್ತೆಯ ಕಲ್ಲಿನ ಸಾಲಿನ ಹತ್ತಿರಕ್ಕೇ ಬಂದರು. ನಾನು ಅಂದು ಅಲ್ಲಿದ್ದೆ. ಇಷ್ಟು ಮಾತ್ರ ಖಂಡಿತ. ಯಂತ್ರದ ತೋಳು ಮೇಲೆದ್ದಾಗ ಅತ್ತೆ ಹೋಗಿ ಅದರ ನೆರಳಲ್ಲೇ ಚಾಪೆ ಹಾಸಿ, ರೊಟ್ಟಿಯ ಗಂಟು ಬಿಚ್ಚಿ ಉಣ್ಣಲು ಕೂತರು. ಡ್ರೈವರ್ ಯಂತ್ರ ನಿಲ್ಲಿಸಿ ಇಳಿದ. ಕೈಮುಗಿದ, ಬೈದ, ಮತ್ತೆ ಕೈಮುಗಿದ. ಕಡೆಗೆ ಯಾರಿಗೋ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಮೋಟಾರ್ ಸೈಕಲ್ಲಿನ ಮೇಲೆ ಲಾಡ್ಲೇಸಾಬರು ಬಂದರು.

ಲಾಡ್ಲೇಸಾಬರು ಹಳೆಯ ಊರಲ್ಲಿ ಅತ್ತೆಯ ಓಣಿಯವರು. ನೆರೆತ ಗಡ್ಡ, ಮೆತ್ತನೆಯ ಮಾತು. ಮೇಲಿನ ಊರಲ್ಲಿ ಕಿರಾಣಿ ಅಂಗಡಿ, ಹೂಳಿನ ಗುತ್ತಿಗೆದಾರನಿಗೆ ಬೇಕಾದವರು. ಅಜ್ಜನಾದರೂ ಅತ್ತೆಗೆ ಅವರು ಲಾಡ್ಲ್ಯಾನೇ. ಅವರು ಹಾಸುಗಲ್ಲಿನ ಹೊರಗೆ ನಿಂತು ಹೇಳಿದರು:

"ನೀಲವ್ವಕ್ಕ, ಹೇಳಬಾರದು ಅಂತ ಇಷ್ಟ ವರ್ಷ ಸುಮ್ಮ ಇದ್ದೆ. ಇದು ನಿಮ್ಮ ಮನಿ ಅಲ್ರಿ. ಇದು ನಮ್ಮ ದೊಡ್ಡಪ್ಪನ ಮನಿ. ನಿಮ್ಮದು ಇನ್ನೂ ಆ ಕಡೆ ಬರ್ತೈತಿ. ಅದು ಹೂಳಿನಾಗ ಹುಗದು ಹೋಗೈತಿ."

ಅಕ್ಕ ಅತ್ತೆಯ ಮುಖ ನೋಡದೆ ನದಿಯ ಕಡೆ ತಿರುಗಿದಳು. ಅತ್ತೆ ತುತ್ತು ನುಂಗಿ, ನೀರು ಕುಡಿದು ಕೇಳಿದರು:

"ನಿಮ್ಮ ದೊಡ್ಡಪ್ಪಂದೇನು?"

"ಹೌದ್ರಿ."

"ಹಂಗಾದ್ರ ಅವರನ್ನ ಕರಕೊಂಡ ಬಾ."

"ಅವರು ತೀರಿ ಎಷ್ಟೋ ವರ್ಷ ಆತಲ್ರಿ ಅಕ್ಕ."

"ಆತಲ್ಲ, ಅವರು ಬರೂತನಾ ನಾ ಕಾಯ್ತೇನಿ. ಯಾರದರ ಮನಿ ಆಗಲಿ, ಹಾಳ ಬಿದ್ದದ್ದು ಅಂತ ಕಂಡ್ರ ಇವ ಹೊಡ್ಯಾಂವ. ಒಬ್ಬರು ಒಳಗ ಇರಬೇಕು."

ಲಾಡ್ಲೇಸಾಬರು ಪಟ್ಟು ಬಿಡಲಿಲ್ಲ. ಊರು ಬಿಡುವಾಗ ಎಲ್ಲರೂ ತಂತಮ್ಮ ಬಾಗಿಲು, ತೊಲೆ ಕಿತ್ತುಕೊಂಡು ಹೋಗಿದ್ದರು. ಅತ್ತೆಯ ಹಳೆಯ ಬಾಗಿಲು ಚೌಕಟ್ಟಿನ ಸಮೇತ ಈಗಲೂ ಮಗನ ಮನೆಯ ಹಿತ್ತಿಲಲ್ಲಿತ್ತು. ಅದರ ಅಗಲ ಅಳೆದು ಈ ಹಾಸುಗಲ್ಲಿಗೆ ಹಿಡಿದು ನೋಡಿದರೆ ಮುಗಿಯಿತು ಎಂದರು. ಅಳತೆ ಕೂಡಿದರೆ ಅತ್ತೆಯದೇ ಮನೆ, ಯಂತ್ರ ಇಲ್ಲಿಗೆ ಬರದಂತೆ ತಾವೇ ನೋಡಿಕೊಳ್ಳುವುದಾಗಿಯೂ ಹೇಳಿದರು. ನ್ಯಾಯದ ಮಾತೇ ಅನ್ನಿಸಿತು ನನಗೆ. ಅಕ್ಕನೂ ಮೆಲ್ಲಗೆ, "ಅಳದು ನೋಡೂಣಲ್ರಿ ಅತ್ತಿ" ಎಂದಳು.

ಅತ್ತೆ ಎದ್ದು ನಿಂತರು. ಮೊದಲ ಸಲ ಅವರು ಎಲ್ಲರ ಮುಖ ನೋಡಿ ಮಾತಾಡಿದರು.

"ಅಳೀತೀರಿ? ಆಗೂ ಸರಕಾರದವರು ಹಿಂಗ ಟೇಪು ಹಿಡಕೊಂಡು ಬಂದಿದ್ರು. ಪಡಸಾಲಿ ಅಳದ್ರು, ಹಿತ್ತಲಾ ಅಳದ್ರು, ಎಮ್ಮಿ ಕಟ್ಟೂ ಜಾಗಾನೂ ಅಳದ್ರು. ಚಾ ಮಾಡಿ ಕೊಟ್ಟೆ ನಾನ. ಅಳದು ಬರಕೊಂಡು ಹ್ವಾದ್ರು, ನೀರು ಬಂತು. ನನ್ನ ಮನಿ ಇನ್ನೊಮ್ಮೆ ಯಾರ ಕೈಲೂ ಅಳಸಂಗಿಲ್ಲ ನಾ. ಲಾಡ್ಲ್ಯಾ, ನೀ ಉಣ್ಣಾಕ ಬರ್ತೀಯಂದ್ರ ಒಳಗ ಬಾ. ಅಳ್ಯಾಕ ಬಂದೀದಿ ಅಂದ್ರ ನಡಿ."

ಲಾಡ್ಲೇಸಾಬರು ಚಪ್ಪಲಿ ಕಳಚಿ ಒಳಗೆ ಬಂದರು. ತಮ್ಮದೇ ದೊಡ್ಡಪ್ಪನದು ಎಂದ ಮನೆಯಲ್ಲಿ ಅತ್ತೆ ಬಡಿಸಿದ ರೊಟ್ಟಿ ಉಂಡರು, ಮೊಸರು ಎರಡು ಸಲ ಹಾಕಿಸಿಕೊಂಡರು. ಉಂಡು ಕೈ ತೊಳೆದು ಡ್ರೈವರನಿಗೆ, "ಇವತ್ತ ಆ ಕಡೆ ತಗೀಪಾ" ಎಂದರು. ಡ್ರೈವರ್ ಗೊಣಗುತ್ತ ಯಂತ್ರ ತಿರುಗಿಸಿದ. "ಇವತ್ತ" ಎಂದದ್ದನ್ನು ಅತ್ತೆ ಕೇಳಿಸಿಕೊಂಡರು. ಮಳೆ ಹಿಡಿದು ನೀರು ಏರುವ ತನಕ ಒಂದು ದಿನವೂ ತಪ್ಪದೆ ಹೋಗಿ ಕೂತರು. ಮಗ ಬಾಗಿಲಿಗೆ ಅಡ್ಡ ನಿಂತರೆ ಹಿತ್ತಿಲಿನಿಂದ ಹೋದರು.

ಅವರಿಗೆ ಗೊತ್ತಿತ್ತೇ? ನಾನು ಮತ್ತೆ ಮತ್ತೆ ಸಿಕ್ಕಿಬೀಳುವುದು ಇಲ್ಲೇ. ಆ ಮನೆ ತಮ್ಮದಲ್ಲ ಎಂದು ಒಳಗೊಳಗೇ ಗೊತ್ತಿದ್ದರಿಂದ ಅಳೆಯಬೇಡ ಎಂದರೇ? ತಮ್ಮದೇ ಎಂಬ ಖಾತ್ರಿಯಿದ್ದರಿಂದ ಎಂದರೇ? ಎರಡಕ್ಕೂ ಅದೇ ಸಿಟ್ಟು ಬರುತ್ತದೆ. ಅವರನ್ನು ಮುಳುಗಿದ ಊರುಗಳಿಗೆಲ್ಲ ಗುರುತು ಮಾಡಿ ನಿಲ್ಲಿಸಿದರೆ ಬರೆಯುವುದು ಸುಲಭ. ಆದರೆ ಅವರು ಗುರುತಾಗಿ ನಿಲ್ಲುವವರಲ್ಲ. ನಿಲ್ಲಿಸಿದ ಜಾಗದಲ್ಲಿ ಮೊದಲು ನೆಲ ನೋಡಿ, ಇದು ಯಾರ ಮನಿ ಎಂದು ಕೇಳುವವರು.

ನವರಾತ್ರಿಯ ಹೊತ್ತಿಗೆ ಅವರು ತೀರಿಕೊಂಡರು, ಮೇಲಿನ ಮನೆಯಲ್ಲಿ, ನಿದ್ದೆಯಲ್ಲಿ. ಹಿಂದಿನ ಸಂಜೆ ಅಕ್ಕನಿಗೆ ನೀರು ಎಲ್ಲಿತನಾ ಬಂದೈತಿ ನೋಡಿ ಬಾ ಎಂದಿದ್ದರಂತೆ. ಅಕ್ಕ ಹೋಗಿರಲಿಲ್ಲ. ಬಂದೈತಿ ಎಂದು ಸುಮ್ಮನೆ ಹೇಳಿದ್ದಳು.

ಈ ವರ್ಷ ಬಸವ ಜಯಂತಿ ಕಳೆದ ಮೇಲೆ ನಾನು ಹೋದೆ. ಅಕ್ಕನೇ ಕೆಳಗೆ ಹೋಗೋಣ ಎಂದಳು. ರೊಟ್ಟಿ ಕಟ್ಟಿಕೊಳ್ಳಲಿಲ್ಲ, ಛತ್ರಿಯೂ ಇರಲಿಲ್ಲ. ಹಿನ್ನೀರಿನ ಅಂಚಿನಲ್ಲಿ ಬಲೆ ಒಣಹಾಕಿದ್ದರು, ಬಿಸಿಗಾಳಿಗೆ ಮೀನಿನ ವಾಸನೆ ಬರುತ್ತಿತ್ತು. ಸುತ್ತಲೂ ಆಳುದ್ದ ಅಗೆದಿದ್ದರು. ನಡುವೆ ಆ ಕಲ್ಲಿನ ಚೌಕ ಮಾತ್ರ ಕಟ್ಟೆಯ ಹಾಗೆ ಎತ್ತರದಲ್ಲಿ ಉಳಿದಿತ್ತು. ಗಾಲಿಯ ಗುರುತುಗಳು ಅದನ್ನು ಬಳಸಿಕೊಂಡು ಹೋಗಿದ್ದವು. ನೋಡಿದ ಕೂಡಲೇ ಅತ್ತೆಯ ಸಲುವಾಗಿಯೇ ಬಿಟ್ಟಿದ್ದಾರೆ ಎಂದುಕೊಂಡೆ, ಅದೇ ಕ್ಷಣಕ್ಕೆ ಅನುಮಾನವೂ ಬಂತು. ಟ್ರೇಲರಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದ ಡ್ರೈವರನನ್ನು ಕೇಳಿದೆ. ಇವನು ಬೇರೆಯವನು.

"ಆ ಆಯಿ ಸಲುವಾಗಿ ಅಷ್ಟು ಬಿಟ್ಟೀರೇನ್ರಿ?"

"ಯಾವ ಆಯಿರಿ? ನಾ ಈ ವರ್ಷ ಬಂದಾಂವ. ಅಲ್ಲಿ ಬರೇ ಕಲ್ಲು ಅದಾವ್ರಿ, ಬಕೆಟ್ಟಿನ ಹಲ್ಲು ಮುರೀತಾವ. ಅದಕ ಬಿಟ್ಟೀವಿ."

"ಮುಂದಿನ ವರ್ಷ?"

"ಮುಂದಿನ ವರ್ಷ ದೊಡ್ಡ ಮಷೀನ್ ತರಸ್ತಾರಂತರಿ."

ಅಕ್ಕ ಅವನ ಬುತ್ತಿಯ ಮುಂದೆ ಹೋಗಿ ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ನಿಮ್ಮ ಮಾಲಕಗ ಹೇಳು. ಅದು ನಮ್ಮ ಮನಿ. ಮುಂದಿನ ವರ್ಷ ನಾ ಒಳಗ ಕುಂತಿರ್ತೇನಿ. ತರ್ಲಿ ಮಷೀನು."

ಡ್ರೈವರ್ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ. ಆ ಕಲ್ಲುಗಳು ನೀಲವ್ವತ್ತೆಯ ಮನೆಯವೋ, ಲಾಡ್ಲೇಸಾಬರ ದೊಡ್ಡಪ್ಪನ ಮನೆಯವೋ ನನಗೆ ಗೊತ್ತಿಲ್ಲ. ಅಕ್ಕ ಆ ಮಾತನ್ನು ನಂಬಿ ಹೇಳಿದಳೋ, ಬರೀ ಹಟಕ್ಕೆ ಹೇಳಿದಳೋ, ಅದೂ ಗೊತ್ತಿಲ್ಲ.